ಪಟ್ಟದ ರಾಜನನ್ನು ಕೆಳಗಿಳಿಸಿದ ವೀಕ್ಷಕರು

ಸಿಟ್ಟು ಬಂದಾಗ ನಾನು ಒಗ್ಗರಣೆ ಹಾಕಬಾರದು ಎಂಬುದು ನಮ್ಮ ಯಜಮಾನರು ಬಹಳ ಹಿಂದೆಯೇ ಹೊರಡಿಸಿರುವ ಆಜ್ಞೆ. ಸಾಸಿವೆ ಸಿಡಿಯುವ ಮೊದಲೇ ನಾನು ಸಿಡಿದಿರುತ್ತೇನಂತೆ, ಆಮೇಲೆ ಇಂಗು, ಕರಿಬೇವು, ಒಣಮೆಣಸಿನಕಾಯಿ ಎಲ್ಲವೂ ಕಪ್ಪಗಾಗಿ ಅವರು ಎರಡು ಹೊತ್ತೂ ಸೀದ ಸಾರು ಉಣ್ಣಬೇಕಾಗುತ್ತದಂತೆ. ಈ ಸಲದ ದಸರೆಯಲ್ಲಿ ಹಬ್ಬ ಮುಗಿಯುವವರೆಗೂ ನಮ್ಮ ಮನೆಯ ಸಾರು ಸೀದೇ ಇತ್ತು. ಈಗ ಗೊಂಬೆಗಳು ಟ್ರಂಕು ಸೇರಿವೆ, ಬೀದಿಯ ದೀಪಾಲಂಕಾರದ ಬಲ್ಬುಗಳನ್ನು ಬಿಚ್ಚಿಕೊಂಡು ಹೋಗಿದ್ದಾರೆ, ನನ್ನ ಸಿಟ್ಟು ಮಾತ್ರ ಇಳಿದಿಲ್ಲ. ಇವತ್ತು ಬೆಳಿಗ್ಗೆ ಗುಡಿಸುವಾಗ ಸೋಫಾದ ಸಂದಿಯಲ್ಲಿ ಗೇಣುದ್ದದ ಒಂದು ಶಲ್ಯ ಸಿಕ್ಕಿತು. ತಾಮ್ರದ ಬಣ್ಣ, ಅಂಚಿಗೆ ಸಣ್ಣ ಜರಿ. ಗೊಂಬೆ ರಾಜನದ್ದು. ಅದನ್ನು ನೋಡಿದ್ದೇ ತಡ, ಎಲ್ಲವೂ ಮತ್ತೆ ತಲೆಗೇರಿತು. "ಒಲೆ ಹತ್ತಿರ ಹೋಗ್ಬೇಡ, ಕೂತು ಬರಿ" ಎಂದು ಯಜಮಾನರು ಪೆನ್ನು ಕೊಟ್ಟು ತಾವೇ ಅಡುಗೆಮನೆಗೆ ಹೋಗಿದ್ದಾರೆ. ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಆಗಲೇ ಕೇಳಿದ್ದೂ ಆಯಿತು.

ಎಲ್ಲದಕ್ಕೂ ಮೂಲ ಒಂದು ಸೀರಿಯಲ್ಲು. ಎರಡು ಸಾವಿರ ವರ್ಷದ ಹಿಂದಿನ ಕಥೆ ಎಂದು ದಿನಾ ಶುರುವಿಗೆ ಗಡಸು ದನಿಯೊಂದು ಹೇಳುತ್ತದೆ. ಒಬ್ಬ ಮಹಾರಾಜ, ಅವನ ಪಟ್ಟದ ರಾಣಿ ವಿಜಯವತಿ. ದಂಡೆತ್ತಿ ಹೋದ ರಾಜ ಗೆದ್ದ ಊರಿನಿಂದ ಇನ್ನೊಬ್ಬಳನ್ನು ಕರೆತರುತ್ತಾನೆ. ವಿಜಯವತಿಗೆ ಮಕ್ಕಳಿಲ್ಲ ಎಂಬ ನೆಪ ತೆಗೆದು ಅವಳನ್ನು ಕಾಡಿನ ಆಶ್ರಮಕ್ಕೆ ಅಟ್ಟುತ್ತಾನೆ. ಇಷ್ಟು ಹೇಳುವುದಕ್ಕೆ ಅವರು ಒಂದು ವರ್ಷಕ್ಕೂ ಹೆಚ್ಚು ತೆಗೆದುಕೊಂಡರು. ರಾಣಿ ಅರಮನೆಯ ಹೊಸಿಲು ದಾಟುವುದೇ ಒಂದು ವಾರ ನಡೆಯಿತು. ಒಂದು ಕಾಲು ಸೋಮವಾರ, ಇನ್ನೊಂದು ಕಾಲು ಶುಕ್ರವಾರ.

ನಜರ್‌ಬಾದಿನ ನಮ್ಮ ಬೀದಿಯಲ್ಲಿ ಸಂಜೆ ಏಳೂವರೆಗೆ ಎಲ್ಲ ಮನೆಗಳಲ್ಲೂ ಇದೇ. ಆ ಹೊತ್ತಿನಲ್ಲಿ ಮೃಗಾಲಯದ ಸಿಂಹ ಕೂಗಿದರೂ ಅದು ನಿಜದ್ದೋ ಸೀರಿಯಲ್ಲಿನದೋ ತಿಳಿಯುವುದಿಲ್ಲ. ನಮ್ಮವರು ಸುಮ್ಮನೆ ನೋಡುವ ಪೈಕಿಯೂ ಅಲ್ಲ, ನೋಡುತ್ತಲೇ ಅಭಿಪ್ರಾಯ ಹೇಳುವವರು. ಎದುರು ಮನೆಯ ವಿಮಲಮ್ಮನ ಅಭಿಪ್ರಾಯಗಳಂತೂ ರಸ್ತೆ ದಾಟಿ ನಮ್ಮ ಹಾಲ್‌ಗೇ ಬರುತ್ತವೆ. "ಥೂ, ನಿನ್ನ ಮುಖಕ್ಕಿಷ್ಟು! ಕಟ್ಕೊಂಡವಳನ್ನ ಕಾಡಿಗಟ್ಟಿ ಇಲ್ಲಿ ಬಾದಾಮಿ ಹಾಲು ಕುಡೀತಾ ಕೂತಿದೀಯಾ?" ಎಂದು ಆಕೆ ಮಹಾರಾಜನನ್ನು ಬೈದಾಗ ನಾನೂ ಸೋಫಾದ ಮೇಲೆ ಕೂತು ತಲೆದೂಗಿದ್ದುಂಟು. ಬೈಯುವ ಕಲೆಯಲ್ಲಿ ಯಾರಾದರೂ ನನಗಿಂತ ಮುಂದಿದ್ದರೆ ಒಪ್ಪಿಕೊಳ್ಳುವಷ್ಟು ದೊಡ್ಡತನ ನನಗಿದೆ.

ನಮ್ಮಕ್ಕ ಕಮಲನ ಅಭಿಪ್ರಾಯಗಳೇ ಬೇರೆ. ಅವಳು ಬೋಗಾದಿಯಲ್ಲಿ ಟೈಲರಿಂಗ್ ಅಂಗಡಿ ಇಟ್ಟುಕೊಂಡಿದ್ದಾಳೆ. ಬೋಗಾದಿ ಇನ್ನೂ ಹಳ್ಳಿಯಾಗಿದ್ದಾಗಲೇ ಅಲ್ಲೊಂದು ಕೋಣೆ ಬಾಡಿಗೆಗೆ ಹಿಡಿದವಳು. ಈಗ ಸುತ್ತ ಲೇಔಟುಗಳೆದ್ದು ಹಾಸ್ಟೆಲ್ ಹುಡುಗಿಯರು "ಆಂಟಿ, ಸಂಜೆಗೇ ಬೇಕು" ಎಂದು ಚೂಡಿದಾರ ಹಿಡಿದು ಸಾಲು ನಿಂತಿರುತ್ತಾರೆ. ಅವಳು ಸೀರಿಯಲ್ ನೋಡುವುದು ಭಾನುವಾರ ನಮ್ಮ ಮನೆಗೆ ಬಂದಾಗ, ಮರುಪ್ರಸಾರದಲ್ಲಿ. ರಾಣಿ ಗೋಳೋ ಎಂದು ಅಳುತ್ತಿದ್ದರೆ ಇವಳು ಕನ್ನಡಕ ಸರಿಮಾಡಿಕೊಂಡು, "ಸುಧಾ, ನೋಡೇ, ಆ ಕಾಲದಲ್ಲಿ ರಾಣಿ ಸೀರೆಗೆ ಫಾಲ್ ಹೊಲಿಸಿದ್ದಾಳೆ" ಎನ್ನುವಳು. ರಾಣಿಯ ದುಃಖದ ಬಗ್ಗೆ ಒಂದು ಮಾತೂ ಆಡುತ್ತಿರಲಿಲ್ಲ. ಆಡದೇ ಇದ್ದದ್ದಕ್ಕೆ ಕಾರಣ ನಮಗೆ ಗೊತ್ತಿತ್ತು.

ಅದನ್ನು ಹೇಳುವ ಮೊದಲು ಗೊಂಬೆಗಳ ವಿಷಯ ಹೇಳಬೇಕು. ನಾವೂ ಒಂದು ಕಾಲಕ್ಕೆ ದೊಡ್ಡ ವೀಕ್ಷಕರೇ. ನವರಾತ್ರಿಯ ಸಂಜೆ ಲಂಗ ಎತ್ತಿಕೊಂಡು ಇಡೀ ನಜರ್‌ಬಾದ್ ಸುತ್ತುತ್ತಿದ್ದೆವು. ಯಾರ ಮನೆ ಬಾಗಿಲು ತೆರೆದಿದೆಯೋ ಅಲ್ಲಿ ನಿಂತು, "ರೀ, ಗೊಂಬೆ ಕೂರ್ಸಿದ್ದೀರಾ?" ಎಂದು ಒಕ್ಕೊರಲಿನಿಂದ ಕೂಗುವುದು. ಒಳಗೆ ಹೋಗಿ ಗೊಂಬೆಗಳನ್ನು ನೋಡಿದ ಶಾಸ್ತ್ರ ಮಾಡಿ ಚರ್ಪಿಗೆ ಕೈಯೊಡ್ಡುವುದು. ಚರ್ಪು ಎಂದರೆ ಗೊಂಬೆ ನೋಡಲು ಬಂದ ಮಕ್ಕಳಿಗೆ ಕೊಡುವ ಉಸ್ಲಿಯೋ ಉಂಡೆಯೋ. ಗೇಟು ದಾಟಿದ ಮೇಲೆ ಅಭಿಪ್ರಾಯ ಸಂಗ್ರಹ ಶುರು. ಈ ಮನೆ ಕಡಲೆಕಾಳು ಬೆಂದಿರಲಿಲ್ಲ, ಆ ಮನೆಯವರು ಕೊಬ್ಬರಿ ಮಿಠಾಯಿ ಎಂದು ಬರೀ ಸಕ್ಕರೆ ಕೊಟ್ಟರು, ಮೂಲೆ ಮನೆಯಲ್ಲಿ ಗೊಂಬೆ ಜಾಸ್ತಿ ಚರ್ಪು ಕಮ್ಮಿ. ನಾನು ಬಾಯಿ ತುಂಬ ತುಂಬಿಕೊಂಡೇ ತೀರ್ಪು ಕೊಡುತ್ತಿದ್ದೆ. ಅಕ್ಕ ಮಾತ್ರ ಆಗಲೂ, "ಅವರ ಮನೆ ರಾಣಿ ಸೀರೆ ನೆರಿಗೆ ನೋಡಿದ್ಯಾ, ಎಷ್ಟು ಚೆನ್ನಾಗಿ ಹಿಡಿದಿದ್ದರು" ಎನ್ನುತ್ತಿದ್ದಳು.

ನಮ್ಮ ಕಡೆ ಮಗಳ ಮದುವೆಗೆ ತವರಿನವರು ಪಟ್ಟದ ಗೊಂಬೆ ಕೊಡುತ್ತಾರೆ, ರಾಜ ರಾಣಿಯ ಜೋಡಿ. ಪಾಡ್ಯದ ದಿನ ಮೊದಲು ಈ ಜೋಡಿಯನ್ನು ಮೇಲಿನ ಮೆಟ್ಟಿಲಲ್ಲಿ ಕೂರಿಸಿ ಆರತಿ ಎತ್ತಬೇಕು, ಉಳಿದ ಗೊಂಬೆಗಳೆಲ್ಲ ಆಮೇಲೆ. ಅಪ್ಪ ಅರಮನೆಯ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದವರು, ಗೊಂಬೆಯ ವಿಷಯದಲ್ಲಿ ಬಹಳ ಖಂಡಿತ. ಅಕ್ಕನಿಗೆಂದು ತಿರುಪತಿಗೇ ಹೋಗಿ ರಕ್ತಚಂದನದ ಜೋಡಿ ಆರಿಸಿ ತಂದರು. ಪೆಟ್ಟಿಗೆಯಲ್ಲಿಟ್ಟರೆ ಮೂಗು ಸವೆದೀತೆಂದು ಎರಡನ್ನೂ ಪಂಚೆಯಲ್ಲಿ ಸುತ್ತಿ ರೈಲಿನಲ್ಲಿ ತೊಡೆಯ ಮೇಲೆ ಮಲಗಿಸಿಕೊಂಡು ಬಂದರಂತೆ. ಪಕ್ಕದವರು ಅವಳಿ ಮಕ್ಕಳೆಂದುಕೊಂಡು ಸರಿದು ಜಾಗ ಕೊಟ್ಟರಂತೆ. ಅಪ್ಪ ಅಲ್ಲ ಎನ್ನಲಿಲ್ಲ.

ಅಕ್ಕನನ್ನು ಕೈಹಿಡಿದವನನ್ನು ಭಾವ ಎಂದು ಕರೆಯಲು ನನಗೆ ಮನಸ್ಸಿಲ್ಲ, ಆದ್ದರಿಂದ ಆತ ಎನ್ನುತ್ತೇನೆ. ಸರ್ಕಾರಿ ನೌಕರಿ. ಮದುವೆಯಾಗಿ ಕೆಲವು ವರ್ಷಕ್ಕೆ ಬೇರೆ ಊರಿಗೆ ವರ್ಗವಾಯಿತು. ಮನೆ ಹುಡುಕಿ ಕರೆಸಿಕೊಳ್ಳುತ್ತೇನೆ ಎಂದು ಹೋದವನು ಮನೆಯನ್ನೇನೋ ಹುಡುಕಿದ, ಅದರಲ್ಲಿ ಇನ್ನೊಬ್ಬಳ ಜೊತೆ ಸಂಸಾರವನ್ನೂ ಹೂಡಿದ. ಮಕ್ಕಳಾಗಲಿಲ್ಲವಲ್ಲ ಎಂದು ಅವನ ಕಡೆಯವರು ಅವನ ಪರವಾಗಿ ನಮಗೆ ಸಮಾಧಾನ ಹೇಳಿದರು. ನಮಗೆ! ಅದಾಗಿ ಮೂವತ್ತು ವರ್ಷದ ಮೇಲಾಯಿತು.

ಎದುರು ಮನೆಯ ವಿಮಲಮ್ಮ ಆತನ ಚಿಕ್ಕಪ್ಪನ ಮಗಳು. ಮೊದಲೆಲ್ಲ ಆಕೆ ಅಕ್ಕನನ್ನು ಬಾಯ್ತುಂಬ "ಅತ್ತಿಗೆ" ಎನ್ನುತ್ತಿದ್ದರು. ಆತ ಹೋದ ವರ್ಷದಿಂದ ಅಕ್ಕ "ಕಮಲಮ್ನೋರು" ಆದಳು. ಆ ನವರಾತ್ರಿ ಅಕ್ಕ ತನ್ನ ಬಾಡಿಗೆ ಮನೆಯಲ್ಲಿ ಎಂದಿನಂತೆ ಪಟ್ಟದ ಗೊಂಬೆ ಕೂರಿಸಿದಳು. "ಗಂಡ ಬಿಟ್ಟವಳು ಪಟ್ಟದ ಗೊಂಬೆ ಕೂರ್ಸ್ಬಹುದೇನಮ್ಮ?" ಎಂದು ಮೊದಲು ಕೇಳಿದ ಬಾಯಿ ಯಾರದ್ದೆಂದು ನಾನು ಬಲ್ಲೆ, ಆ ಬಾಯಿ ಈಗಲೂ ರಸ್ತೆಯಾಚೆ ಇದೆ. ತಾಯಂದಿರು ಮಕ್ಕಳನ್ನು ಅವಳ ಮನೆಗೆ ಕಳಿಸಲಿಲ್ಲ. ಮಾಡಿಟ್ಟ ಉಸ್ಲಿ ಹಾಗೇ ಉಳಿಯಿತು. ಮರುವರ್ಷದಿಂದ ಅವಳು ಗೊಂಬೆಯ ಟ್ರಂಕನ್ನು ನಮ್ಮ ಮನೆಯಲ್ಲಿಟ್ಟು ಇಲ್ಲಿಯೇ ಕೂರಿಸತೊಡಗಿದಳು. ಪ್ರತಿ ವರ್ಷವೂ ತಾನೇ ಹೊಸ ಬಟ್ಟೆ ಹೊಲಿದು, ರಾಜನಿಗೂ ರಾಣಿಗೂ. ಒಂದು ವರ್ಷವೂ ತಪ್ಪಿಸಿಲ್ಲ.

ಇನ್ನು ಈ ವರ್ಷಕ್ಕೆ ಬರುತ್ತೇನೆ. ಹಬ್ಬಕ್ಕೆ ಸ್ವಲ್ಪ ಮುಂಚೆ ಸೀರಿಯಲ್ಲಿನಲ್ಲಿ ಕಿರಿಯ ರಾಣಿ ಖಜಾನೆ ಬಳಿದುಕೊಂಡು ತವರಿಗೆ ಓಡಿಹೋದಳು. ಒಂಟಿಯಾದ ಮಹಾರಾಜನಿಗೆ ವಿಜಯವತಿಯ ನೆನಪಾಯಿತು. ರಾಣಿ ಮರಳಿ ಅರಮನೆಗೆ ಹೋಗಬೇಕೇ ಬೇಡವೇ ಎಂದು ವೀಕ್ಷಕರನ್ನೇ ಕೇಳಲು ಚಾನೆಲ್ಲಿನವರು ಮೈಕು ಕ್ಯಾಮೆರಾ ಹೊತ್ತು ನಮ್ಮ ಪಾರ್ಕಿಗೆ ಬಂದರು. ಬೀದಿಗೆ ಬೀದಿಯೇ ರೇಷ್ಮೆ ಸೀರೆಯಲ್ಲಿ ಹೊರಟಿತು. ನಾನೂ ಹೋದೆ, ಪೌಡರ್ ಹಾಕಿಕೊಂಡೇ ಹೋದೆ. ಮೈಕು ನನ್ನ ಮುಂದೆ ಬಂದಾಗ ಏನು ಹೇಳಬೇಕೆಂದು ತೋಚದೆ, ಎರಡು ಸಾವಿರ ವರ್ಷದ ಹಿಂದೆ ಸೀರೆಗೆ ಫಾಲ್ ಇರಲಿಲ್ಲ ಎಂದುಬಿಟ್ಟೆ. ಆ ಹುಡುಗಿ ನಕ್ಕು ಮೈಕನ್ನು ವಿಮಲಮ್ಮನ ಕಡೆ ತಿರುಗಿಸಿದಳು.

ವಿಮಲಮ್ಮ ಸೆರಗು ಹೊದ್ದು ಕ್ಯಾಮೆರಾವನ್ನೇ ದಿಟ್ಟಿಸಿದರು. "ಹೋಗ್ಕೂಡ್ದು! ಬೇಕಾದಾಗ ಕರ್ಕೊಳೋಕೆ, ಬೇಡ್ದಾಗ ಅಟ್ಟೋಕೆ ಹೆಣ್ಣೇನು ಹಟ್ಟಿ ಹಸುವಾ? ಅವಳಿಗೂ ಒಂದು ಮರ್ಯಾದೆ ಅನ್ನೋದು ಇಲ್ವಾ? ವಿಜಯವತೀ, ನೀನು ಹೋಗ್ಬೇಡ ಕಣಮ್ಮಾ, ನಿನ್ನ ಹಿಂದೆ ನಾವಿದ್ದೀವಿ!" ಪಾರ್ಕಿನಲ್ಲಿ ಚಪ್ಪಾಳೆಯೋ ಚಪ್ಪಾಳೆ. ಹೆಂಗಸರಲ್ಲಿ ಕೆಲವರು ಕಣ್ಣೊರೆಸಿಕೊಂಡರು. ಟಿವಿಯಲ್ಲಿ ಅದು ಬಂದ ಸಂಜೆ ವಿಮಲಮ್ಮ ಬೀದಿಗೆಲ್ಲ ಮೈಸೂರು ಪಾಕು ಹಂಚಿದರು. ನಮ್ಮ ಮನೆಗೂ ಬಂತು, ನಾನೂ ತಿಂದೆ.

ಮರುದಿನ ಬೆಳಿಗ್ಗೆ ಗೊಂಬೆಯ ಮೆಟ್ಟಿಲು ಕಟ್ಟಲು ಅಕ್ಕ ಬಂದಿದ್ದಳು. ವಿಮಲಮ್ಮ ರಸ್ತೆ ದಾಟಿ ಬಂದು, ಬಾಗಿಲಲ್ಲೇ ನಿಂತು, ಜೇನಿನಂಥ ದನಿಯಲ್ಲಿ, "ಅತ್ತಿಗೆ..." ಎಂದರು. ಮೂವತ್ತು ವರ್ಷದ ಮೇಲೆ ಆ ಮಾತು ಕೇಳಿ ಮೆಟ್ಟಿಲಿಗೆ ಹಾಸಲು ಅಕ್ಕ ಹಿಡಿದಿದ್ದ ಬಿಳಿ ಪಂಚೆ ಕೈಯಲ್ಲೇ ನಿಂತಿತು.

"ನಮ್ಮಣ್ಣ ಫೋನ್ ಮಾಡಿದ್ದ ಅತ್ತಿಗೆ. ಅವಳು ಹೋದ ವರ್ಷ ತೀರ್ಕೊಂಡ್ಳಲ್ಲ, ಒಂದು ಲೋಟ ಕಾಫಿ ಕೊಡೋರಿಲ್ಲ ಅವನಿಗೆ. ಮಂಡಿ ಆಪರೇಷನ್ ಬೇರೆ ಆಗಿದೆ. ನಿಮ್ಮ ಜೊತೆ ಬಂದು ಇರ್ತೀನಿ ಅಂತಾನೆ."

ಅಕ್ಕ ಪಂಚೆಯ ಸುಕ್ಕು ಬಿಡಿಸತೊಡಗಿದಳು. ನಾನೇ ಕೇಳಿದೆ. "ಅಷ್ಟು ವರ್ಷ ಇಲ್ಲದ್ದು ಈಗ ಕಾಫಿಗೆ ನೆನಪಾಯ್ತಾ ವಿಮಲಮ್ಮ?"

"ಅಯ್ಯೋ ಬುಡು ಸುಧಾ, ಹಳೇದೆಲ್ಲ ಯಾಕೆ ಕೆದಕ್ತೀಯ? ಗಂಡಸ್ರು ಅಂದ್ಮೇಲೆ ಒಂದು ಹೆಜ್ಜೆ ತಪ್ತಾರೆ. ಈಗ ಬುದ್ಧಿ ಬಂದಿದೆ. ಹೆಂಗಸ್ರು ನಾವು ತಾನೇ ಹೊಂದ್ಕೊಂಡು ಹೋಗ್ಬೇಕು? ವಿಜಯದಶಮಿ ಒಳ್ಳೇ ದಿನ ಅತ್ತಿಗೆ, ಅವತ್ತೇ ಕರ್ಕೊಂಡು ಬಂದ್ಬುಡ್ತೀನಿ. ಯೋಚ್ನೆ ಮಾಡಿ ಹೇಳಿ."

ಓದುತ್ತಿರುವ ನೀವೇ ಹೇಳಿ, ಸಾರು ಸೀಯದೆ ಇನ್ನೇನಾಗುತ್ತದೆ? ಹಿಂದಿನ ಸಂಜೆಯಷ್ಟೇ ಟಿವಿಯಲ್ಲಿ ಹೋಗಕೂಡದು ಎಂದು ಗುಡುಗಿದ ಅದೇ ಬಾಯಿ! ನಡುವೆ ಒಂದು ರಾತ್ರಿ ನಿದ್ದೆ, ಅಷ್ಟೆ. ಬಣ್ಣ ಹಚ್ಚಿ ಸಂಬಳಕ್ಕೆ ಅಳುವವಳಿಗೆ ಮರ್ಯಾದೆ, ಹೊಲಿಗೆ ಯಂತ್ರ ತುಳಿದು ಮಂಡಿ ಸವೆಸಿಕೊಂಡ ನನ್ನಕ್ಕನಿಗೆ ಹೊಂದಾಣಿಕೆ. ಈ ವೀಕ್ಷಕರ ಕನಿಕರಕ್ಕೆ ಗಾಜಿನ ಪರದೆಯೇ ಬೇಕು. ಪರದೆ ಇಲ್ಲದೆ ಎದುರಿಗೆ ಬಂದು ನಿಂತ ಹೆಂಗಸು ಇವರ ಕಣ್ಣಿಗೆ ಕಾಣಿಸುವುದೇ ಇಲ್ಲ. ಅದೂ ವಿಮಲಮ್ಮ ಒಬ್ಬರೇ ಅಲ್ಲ. ಆ ವಾರವೆಲ್ಲ ಗೊಂಬೆ ನೋಡಲು ಬಂದವರು ಅರಿಶಿನ ಕುಂಕುಮದ ಜೊತೆಗೆ ಒಂದೊಂದು ಬುದ್ಧಿವಾದ ಇಟ್ಟು ಹೋದರು. ವಯಸ್ಸಾದ ಮೇಲೆ ಜೊತೆ ಬೇಕು ಎಂದರು, ಒಂದು ಮನೆ ಅಂದಮೇಲೆ ಗಂಡಸಿರಬೇಕು ಎಂದರು. ಹೇಳಿ ಮುಗಿಸಿ ಗಡಿಯಾರ ನೋಡಿ, ಏಳೂವರೆ ಆಯ್ತೆಂದು ವಿಜಯವತಿಯ ಪರ ವಹಿಸಲು ಓಡಿದರು.

ಅಕ್ಕ ಎಲ್ಲರ ಮಾತಿಗೂ ಹೂಂ ಎನ್ನುತ್ತಿದ್ದಳು. ನನಗೆ ಭಯವಾದದ್ದು ಅದಕ್ಕೇ. ಅವಳು ಯಾರಿಗೂ ಇಲ್ಲ ಎಂದವಳಲ್ಲ. ಹಾಸ್ಟೆಲ್ ಹುಡುಗಿಯರು ಸಂಜೆಗೇ ಬೇಕೆಂದರೆ ಊಟ ಬಿಟ್ಟು ಹೊಲಿದುಕೊಡುವವಳು. ವಿಜಯದಶಮಿಗೆ ಆತ ಚೀಲ ಹಿಡಿದು ಬಂದು ನಿಂತರೆ ಅದಕ್ಕೂ ಹೂಂ ಎಂದುಬಿಟ್ಟರೆ? ಯಜಮಾನರ ಮುಂದೆ ನಿಂತು ವಿಮಲಮ್ಮನಿಗೆ ಹೇಳಬೇಕಾದ ಮಾತುಗಳನ್ನೆಲ್ಲ ಅಭ್ಯಾಸ ಮಾಡಿದೆ. ಅವರು ಪೇಪರ್ ಮಡಿಸಿಟ್ಟು, "ಚೆನ್ನಾಗಿದೆ, ಆದರೆ ನನ್ನನ್ನು ಯಾಕೆ ಬೈತಿದ್ದೀಯ?" ಎಂದರು.

ಈ ಸಲ ಪಟ್ಟದ ಗೊಂಬೆಗೆ ಸೀರಿಯಲ್ಲಿನ ಉಡುಪು ಹಾಕಿ ಎಂದು ಬೀದಿಯ ಮಕ್ಕಳು ದುಂಬಾಲು ಬಿದ್ದಿದ್ದರು. ಅಕ್ಕ ಹೂಂ ಎಂದು, ರಾಣಿಗೆ ವಿಜಯವತಿಯ ನವಿಲುಬಣ್ಣದ ಸೀರೆ, ರಾಜನಿಗೆ ಅವನ ತಾಮ್ರಬಣ್ಣದ ಶಲ್ಯ ಹೊಲಿದಿದ್ದಳು. ಅಚ್ಚು ಟಿವಿಯಲ್ಲಿದ್ದವರೇ. ಮಕ್ಕಳು ಕುಣಿದಾಡಿದವು.

ದುರ್ಗಾಷ್ಟಮಿಯ ಸಂಜೆ ಸೀರಿಯಲ್ಲಿನಲ್ಲಿ ಮಹಾರಾಜ ಆಶ್ರಮಕ್ಕೆ ಬಂದು ರಾಣಿಯ ಮುಂದೆ ಕೈಮುಗಿದು ನಿಂತ. ರಾಣಿ ತಿರುಗಿ ನೋಡುವಷ್ಟರಲ್ಲಿ ಆವತ್ತಿನ ಕಂತು ಮುಗಿಯಿತು. ಆ ಕಾವು ಆರುವ ಮೊದಲೇ ವಿಮಲಮ್ಮ ನಾಲ್ಕಾರು ಹೆಂಗಸರ ಜೊತೆ ನಮ್ಮ ಮನೆಗೆ ಗೊಂಬೆ ನೋಡಲು ಬಂದರು. ಅಕ್ಕ ಒಳಗೆ ಉಸ್ಲಿಗೆ ಕಾಯಿ ತುರಿಯುತ್ತಿದ್ದಳು.

ವಿಮಲಮ್ಮ ಮೇಲಿನ ಮೆಟ್ಟಿಲು ನೋಡಿದವರೇ ಕೆರಳಿದರು. "ಅಯ್ಯೋ, ಇವನನ್ಯಾಕೆ ಇಲ್ಲಿ ಕೂರ್ಸಿದ್ದೀರಾ? ಕಾಡಿಗಟ್ಟಿದವನು ಕಣ್ರೀ! ಇವತ್ತು ಬಂದು ಕೈಮುಗಿದು ನಿಂತ್ಬುಟ್ರೆ ಆಗೋಯ್ತಾ? ಅವಳ ಪಕ್ಕ ಕೂರೋ ಯೋಗ್ಯತೆ ಇದೆಯಾ ಇವನಿಗೆ?" ಎಂದವರು ಕೈಚಾಚಿ ಪಟ್ಟದ ರಾಜನನ್ನು ಸೊಂಟ ಹಿಡಿದು ಎತ್ತಿಯೇಬಿಟ್ಟರು. ಶಲ್ಯ ಕಳಚಿ ಎತ್ತಲೋ ಬಿತ್ತು. ರಾಜನನ್ನು ತಂದು ಕೆಳಗಿನ ಮೆಟ್ಟಿಲಲ್ಲಿ, ಅಕ್ಕಿ ಬೇಳೆ ಮಾರುವ ಶೆಟ್ಟಿ ಶೆಟ್ಟಮ್ಮನ ಅಂಗಡಿಯ ಪಕ್ಕ ಕುಕ್ಕಿದರು. "ಇಲ್ಲಿ ಬೇಳೆ ತೂಗ್ಕೊಂಡು ಬಿದ್ದಿರು!" ಹೆಂಗಸರು ಹೋ ಎಂದು ಚಪ್ಪಾಳೆ ತಟ್ಟಿದರು.

ನನ್ನ ಮೈಯೆಲ್ಲ ಉರಿಯಿತು. ಅಭ್ಯಾಸ ಮಾಡಿದ್ದ ಭಾಷಣ ಗಂಟಲಿಗೆ ಬಂತು. ಬಾಯಿ ತೆರೆದೆ. ಅಷ್ಟರಲ್ಲಿ ಅಕ್ಕ ಉಸ್ಲಿಯ ತಟ್ಟೆ ಹಿಡಿದು ಒಳಗಿನಿಂದ ಬಂದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ವಿಮಲಮ್ಮ, ಈಗ ಹೇಳಿದ್ರಲ್ಲ, ಅದನ್ನ ಇನ್ನೊಂದ್ಸಲ ಹೇಳಿ."

"ಏನು ಅತ್ತಿಗೆ? ಕೈಮುಗಿದು ನಿಂತ್ರೆ ಆಗೋಯ್ತಾ ಅಂದೆ. ಅಟ್ಟಿದವನಿಗೆ ಪಕ್ಕದಲ್ಲಿ ಕೂರೋ ಯೋಗ್ಯತೆ ಇಲ್ಲ ಅಂದೆ. ತಪ್ಪೇನು?"

"ತಪ್ಪೇನಿಲ್ಲ, ಚೆನ್ನಾಗಿ ಹೇಳಿದ್ರಿ. ನನಗೆ ಇಷ್ಟು ಚೆನ್ನಾಗಿ ಹೇಳೋಕೆ ಬರ್ತಿರಲಿಲ್ಲ. ಇದನ್ನೇ ನಿಮ್ಮಣ್ಣನಿಗೆ ಫೋನ್ ಮಾಡಿ ಹೇಳ್ಬುಡಿ. ನನ್ನ ಉತ್ತರ ಇದೇ."

ವಿಮಲಮ್ಮನ ಮುಖ ಕೆಂಪಗಾಯಿತು. "ಅಯ್ಯೋ ಅತ್ತಿಗೆ, ಅದು ಸೀರಿಯಲ್ ಕಣ್ರೀ!"

"ಹೌದು, ಇದು ಸೀರಿಯಲ್ ಅಲ್ವಲ್ಲ. ಅದಕ್ಕೇ ಹೇಳ್ತಿರೋದು."

ಆಮೇಲೆ ಅಕ್ಕ ಪ್ರತಿಯೊಬ್ಬರಿಗೂ ಕುಂಕುಮ ಕೊಟ್ಟಳು, ಕೈಗೆ ಉಸ್ಲಿ ಹಾಕಿದಳು. ವಿಮಲಮ್ಮನಿಗೂ ಕೊಟ್ಟಳು. ಅವರು ತಗೊಂಡು ರಸ್ತೆ ದಾಟಿದರು. ನನ್ನ ಭಾಷಣ ಬಾಯಲ್ಲೇ ಉಳಿಯಿತು. ಇಷ್ಟು ದಿನ ಕಾಯಿಸಿಕೊಂಡ ಸಿಟ್ಟನ್ನು ಎಲ್ಲಿಡಬೇಕೋ ತಿಳಿಯದೆ ನಾನು ಕಂಬದ ಹಾಗೆ ನಿಂತಿದ್ದೆ.

ಅಕ್ಕ ಶೆಟ್ಟಿ ಅಂಗಡಿಯಿಂದ ರಾಜನನ್ನು ಎತ್ತಿಕೊಂಡು ಸೆರಗಿನಲ್ಲಿ ಒರೆಸಿ ಮತ್ತೆ ರಾಣಿಯ ಪಕ್ಕದಲ್ಲೇ ಇಟ್ಟಳು.

"ಮತ್ತೆ ಯಾಕೇ ಇಟ್ಟೆ ಅವನನ್ನ?" ಎಂದು ರೇಗಿದೆ.

"ಇದು ಅಪ್ಪ ತೊಡೆ ಮೇಲಿಟ್ಕೊಂಡು ತಂದ ಗೊಂಬೆ ಕಣೇ. ಯಾರ ಗಂಡನೂ ಅಲ್ಲ."

ಹಾಗೆಂದು ಅವಳು ಮೆಟ್ಟಿಲ ಪಕ್ಕ ನೆಲದ ಮೇಲೆ ಕೂತಳು. ಆಗ ನೋಡಿದೆ, ಅವಳ ಕಣ್ಣು ತುಂಬಿತ್ತು. ಆತ ಹೋದಾಗ ಅತ್ತಳೋ ಇಲ್ಲವೋ, ನನ್ನ ಮುಂದಂತೂ ಎಂದೂ ಅತ್ತವಳಲ್ಲ.

"ಪಾರ್ಕಲ್ಲಿ ವಿಮಲಮ್ಮ ಮಾತಾಡಿದ್ದನ್ನ ನಾನೂ ಟಿವಿಯಲ್ಲಿ ನೋಡಿದೆ ಸುಧಾ. ಹೋಗ್ಬೇಡ ಕಣಮ್ಮಾ, ನಿನ್ನ ಹಿಂದೆ ನಾವಿದ್ದೀವಿ ಅಂದ್ರಲ್ಲ. ಆ ಒಂದು ಮಾತನ್ನ ಯಾರಾದ್ರೂ ನನಗೆ ಹೇಳ್ತಾರೇನೋ ಅಂತ ಮೂವತ್ತು ವರ್ಷ ಕಾದೆ ಕಣೇ. ಅವರು ಅದನ್ನ ಆ ಬಣ್ಣ ಹಚ್ಚಿದವಳಿಗೆ ಹೇಳ್ಬುಟ್ರು."

ನಾನು ಹೋಗಿ ಬೀದಿ ಬಾಗಿಲನ್ನೂ ಕಿಟಕಿಗಳನ್ನೂ ಪೂರ್ತಿ ತೆರೆದೆ.

"ಹೋಗ್ಬೇಡ ಕಣೇ ಅಕ್ಕಾ!" ಎಂದು ಕೂಗಿದೆ. "ನಿನ್ನ ಹಿಂದೆ ನಾವಿದ್ದೀವಿ!"

ಎದುರು ಮನೆಯ ಟಿವಿಯ ದನಿ ನಿಂತುಹೋಯಿತು. ನಾನು ಇನ್ನೊಮ್ಮೆ ಕೂಗಿದೆ.